ಹಸಿದ ಸಮುದ್ರದ ಆರು ಬಾಟಲಿಗಳು

ನೀಲಿ ಸಮುದ್ರ ನೋಡಿ ಆಹಾ ಓಹೋ ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹುಣಸೂರಿನ ಕಾಲೇಜಿನಿಂದ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ಯಾರಾದರೊಬ್ಬ ಸಹೋದ್ಯೋಗಿ ದಡದಲ್ಲಿ ನಿಂತು, ದೂರದ ನೀಲಿಗೆ ಕೈ ತೋರಿಸಿ, "ಎಷ್ಟು ಶುದ್ಧವಾಗಿದೆ ನೋಡಿ ಮೇಡಂ" ಎನ್ನುತ್ತಿದ್ದರು. ಶುದ್ಧವಂತೆ! ನಮ್ಮ ಬಿಸಿಲು ಸೀಮೆಯ ಸಮುದ್ರದಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಆ ನೀಲಿಗೆ ಇರುವುದು ಒಂದೇ ಅರ್ಥ. ಅಲ್ಲಿ ತಿನ್ನಲು ಏನೂ ಇಲ್ಲ. ಅದು ಹಸಿದ ನೀರು.

ಇದನ್ನು ನಾನು ಎಷ್ಟೋ ಜನರಿಗೆ ಬಿಡಿಸಿ ಹೇಳಿದ್ದೇನೆ, ಕೇಳಿಸಿಕೊಂಡವರು ಕಡಿಮೆ. ಸಮುದ್ರದಲ್ಲಿ ಡಯಾಟಮ್ ಎಂಬ ಸಸ್ಯವಿದೆ. ಒಂದೇ ಜೀವಕೋಶದ್ದು, ಬರಿಗಣ್ಣಿಗೆ ಕಾಣುವುದಿಲ್ಲ. ಮೈಮೇಲೆ ಗಾಜಿನಂಥ ಚಿಪ್ಪು, ಡಬ್ಬಿಯೂ ಮುಚ್ಚಳವೂ ಕೂಡಿದ ಹಾಗೆ ಎರಡು ಭಾಗ. ಇದನ್ನು ತಿಂದು ಪುಟ್ಟ ಜೀವಿಗಳು, ಅವನ್ನು ತಿಂದು ಮೀನುಗಳು ಬದುಕುತ್ತವೆ. ಇದು ಬೆಳೆಯಲು ಬೆಳಕು ಬೇಕು, ನೈಟ್ರೇಟ್ ಬೇಕು, ಫಾಸ್ಫೇಟ್ ಬೇಕು, ಚೂರು ಕಬ್ಬಿಣ ಬೇಕು. ಚಿಪ್ಪು ಕಟ್ಟಲು ಸಿಲಿಕಾ ಬೇಕು. ಇವುಗಳಲ್ಲಿ ಯಾವುದಾದರೂ ಒಂದು ಮುಗಿದರೆ ಸಾಕು, ಮಿಕ್ಕವು ರಾಶಿ ಬಿದ್ದಿದ್ದರೂ ಅದು ಅಲ್ಲಿಗೆ ನಿಂತುಹೋಗುತ್ತದೆ.

ನಮ್ಮ ಸಮುದ್ರದ ಮೇಲೆ ಬಿಸಿಲಿಗೇನೂ ಬರವಿಲ್ಲ. ಆದರೆ ಕಾದ ನೀರು ಹಗುರ. ಅದು ಕೆಳಗಿನ ತಣ್ಣನೆಯ ನೀರಿನ ಮೇಲೆ ಹಾಲಿನ ಕೆನೆಯಂತೆ ಕೂತುಬಿಡುತ್ತದೆ, ಬೆರೆಯುವುದಿಲ್ಲ. ಸತ್ತದ್ದು, ಕೊಳೆತದ್ದು ಎಲ್ಲ ಕೆಳಕ್ಕೆ ಇಳಿದು ಕತ್ತಲಲ್ಲಿ ಗೊಬ್ಬರವಾಗುತ್ತದೆ. ಮೇಲೆ ಬೆಳಕಿದೆ, ಊಟವಿಲ್ಲ. ಕೆಳಗೆ ಊಟವಿದೆ, ಬೆಳಕಿಲ್ಲ. ಮಳೆಗಾಲದ ಗಾಳಿ ಬಂದು ಕಲಕುವವರೆಗೆ ಇದೇ ಪಾಡು.

ಇದನ್ನು ನನಗೆ ಬೇಗ ಅರ್ಥ ಮಾಡಿಸಿದ್ದು ಪುಸ್ತಕವಲ್ಲ, ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು ಬೆಳೆದು, ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಒಣಗಿಸುತ್ತಿದ್ದ ನನ್ನ ಅಪ್ಪ. ಪಕ್ಕದ ಹೊಲದವನು ಮೂಟೆಗಟ್ಟಲೆ ಗೊಬ್ಬರ ಸುರಿದು ಬೀಗುತ್ತಿದ್ದರೆ ಅಪ್ಪ ನಗುತ್ತಿದ್ದ. "ಊಟ ಜಾಸ್ತಿಯಾದ ಸೊಪ್ಪು ಬ್ಯಾರನ್ನಲ್ಲಿ ಅಣ್ಣಾಗಕಿಲ್ಲ ಕಣವ್ವ, ಅಸುರಾಗೇ ಬತ್ತದೆ" ಎನ್ನುತ್ತಿದ್ದ. ಯಾವುದನ್ನು ಎಷ್ಟು ಕೊಡಬೇಕು, ಯಾವಾಗ ಕೊಡಬಾರದು ಎಂಬುದೇ ಬೇಸಾಯ ಎಂದು ಅವನಿಗೆ ಗೊತ್ತಿತ್ತು. ನಾನು ಅದನ್ನೇ ಸಮುದ್ರವನ್ನು ಕೇಳಲು ಹೊರಟೆ. ಬೇಸಿಗೆಯ ಮೇಲ್ನೀರಿನಲ್ಲಿ ಡಯಾಟಮ್ ಬೆಳೆಯದಂತೆ ತಡೆದಿರುವುದು ಯಾವುದರ ಕೊರತೆ? ಡಾಕ್ಟರೇಟಿಗೆ ನಾನು ಬರೆಯುತ್ತಿದ್ದ ಪ್ರಬಂಧದ ಪ್ರಶ್ನೆ ಇಷ್ಟೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಪಾಠ ಮಾಡುತ್ತಾ, ಸಂಸಾರ ಮಾಡುತ್ತಾ, ವರ್ಷಗಟ್ಟಲೆ ಎಳೆದಾಡಿದ್ದ ಪ್ರಬಂಧದಲ್ಲಿ ಒಂದೇ ಒಂದು ಪ್ರಯೋಗ ಬಾಕಿ ಉಳಿದಿತ್ತು. ಮೈಸೂರಿನಲ್ಲಿದ್ದ ನನ್ನ ಗೈಡ್ ಆ ಮೇ ಕೊನೆಗೆ ನಿವೃತ್ತರಾಗುವವರು. ಅವರು ಹೋದರೆ ನನ್ನನ್ನು ತೆಗೆದುಕೊಳ್ಳುವವರು ಆ ವಿಭಾಗದಲ್ಲಿ ಯಾರೂ ಇರಲಿಲ್ಲ, ನನ್ನ ನೋಂದಣಿಯ ಅವಧಿಯೂ ಅಲ್ಲಿಗೇ ಮುಗಿಯುತ್ತಿತ್ತು. ಮೇ ಒಳಗೆ ಆ ಪ್ರಯೋಗ ಆದರೆ ಡಾಕ್ಟರೇಟು, ಆಗದಿದ್ದರೆ ಅಷ್ಟೂ ವರ್ಷ ನೀರುಪಾಲು.

ಪ್ರಯೋಗವನ್ನು ಕಾಲೇಜಿನಲ್ಲಿ ಮಾಡೋಣವೆಂದರೆ ಪ್ರಿನ್ಸಿಪಾಲರು ಲ್ಯಾಬಿಗೆ ಬೀಗ ಜಡಿದರು. ಪರೀಕ್ಷೆಯ ಸಮಯವಂತೆ, ಉಪ್ಪುನೀರಿಗೆ ತಕ್ಕಡಿ ತುಕ್ಕು ಹಿಡಿಯುತ್ತದಂತೆ. ಆ ಮನುಷ್ಯ ಜೀವಮಾನದಲ್ಲಿ ಆ ತಕ್ಕಡಿಯನ್ನು ಒಮ್ಮೆಯಾದರೂ ಮುಟ್ಟಿದ್ದನ್ನು ಕಂಡವರಿಲ್ಲ. ಒಂದು ಮೈಕ್ರೋಸ್ಕೋಪನ್ನು ಜಗಳವಾಡಿ ಕಿತ್ತುಕೊಂಡು ಮನೆಗೆ ತಂದೆ. ಮನೆ ಎಂದರೆ ಚುಂಚನಕಟ್ಟೆಯ ಹತ್ತಿರದ ಹಳ್ಳಿಯಲ್ಲಿದ್ದ ಗಂಡನ ಮನೆ. ಸುತ್ತ ಭತ್ತದ ಗದ್ದೆ, ಮೇಲೆ ತಾರಸಿ, ಕೆಳಗೆ ಅತ್ತೆ.

ಅತ್ತೆಗೂ ನನಗೂ ಮೊದಲಿನಿಂದಲೂ ಆಗಿಬರಲಿಲ್ಲ. ಗಂಡನಿಲ್ಲದ ಮನೆಯನ್ನು, ಗದ್ದೆಯನ್ನು ಒಬ್ಬಳೇ ನಡೆಸಿದ ಹೆಂಗಸು ಅವಳು. ಮಾತು ಕತ್ತಿಯ ಹಾಗೆ. ನಾನೇನೂ ಕಡಿಮೆಯಿರಲಿಲ್ಲ. ನಾನು ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಹುಣಸೂರಿಗೆ ಹೋಗಿ ಸಂಜೆ ಬಂದು ಓದಲು ಕೂತರೆ, ಅವಳು ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಕೇಳಿಸುವಂತೆ ಹೇಳುವಳು: "ನಮ್ ಸೊಸೆ ಪಾಚಿ ಓದ್ತಾವ್ಳೆ ಕಣ್ರವ್ವ. ಕೆರೇಲಿ ಪುಕ್ಸಟ್ಟೆ ಸಿಗೋ ಪಾಚಿಗೆ ಮೈಸೂರ್ಗಂಟ ಓಗ್ಬೇಕಂತೆ." ನಾನು ಒಳಗಿನಿಂದಲೇ, "ಅದು ಕೆರೆಯ ಪಾಚಿಯಲ್ಲ ಅತ್ತೆ" ಎನ್ನುವೆ. "ಅಂಗಾರೆ ಇನ್ನೇನು, ಕೊತ್ತಂಬ್ರಿನಾ?" ಎಂದು ಅವಳು ತಿರುಗಿಸಿ ಕೇಳುವಳು. ಗದ್ದೆ ನೋಡಿಕೊಳ್ಳುತ್ತಿದ್ದ ನನ್ನ ಗಂಡ ಇಬ್ಬರ ಮಾತಿನ ನಡುವೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿಬಿಡುತ್ತಿದ್ದ.

ಪ್ರಯೋಗಕ್ಕೆ ಅಗಲ ಬಾಯಿಯ ಆರು ಬಾಟಲಿ ಸಿದ್ಧ ಮಾಡಿದೆ. ಗಾಜಿನವಲ್ಲ, ಪ್ಲಾಸ್ಟಿಕ್ಕಿನವು. ಗಾಜು ತಾನೇ ನೀರಿಗೆ ಸಿಲಿಕಾ ಬಿಡುತ್ತದೆ, ಡಯಾಟಮ್ ಅದನ್ನೂ ಬಿಡದೆ ತಿನ್ನುತ್ತದೆ. ಆರನ್ನೂ ಆಸಿಡ್ಡಿನಲ್ಲಿ ನೆನೆಸಿ, ಬಟ್ಟಿ ಇಳಿಸಿದ ನೀರಿನಲ್ಲಿ ಹತ್ತು ಸಲ ಜಾಲಾಡಿ, ಮುಚ್ಚಳ ಹಾಕಿ, ತಾರಸಿಯ ಕೋಣೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟೆ. ಸಮುದ್ರದ ನೀರು ತಂದು ತುಂಬಿದ ಮೇಲೆ ಒಂದಕ್ಕೆ ನೈಟ್ರೇಟ್ ಹಾಕಬೇಕು, ಒಂದಕ್ಕೆ ಫಾಸ್ಫೇಟ್, ಒಂದಕ್ಕೆ ಸಿಲಿಕಾ, ಒಂದಕ್ಕೆ ಕಬ್ಬಿಣ, ಒಂದಕ್ಕೆ ಎಲ್ಲವೂ. ಆರನೆಯದಕ್ಕೆ ಏನೂ ಇಲ್ಲ. ಆ ಆರನೆಯದೇ ಮುಖ್ಯ. ಅದು ಹಸಿದೇ ಇರಬೇಕು. ಅದು ಹಸಿದಿದ್ದರೆ ಮಾತ್ರ ಉಳಿದವು ಹೇಳುವುದು ನಿಜ.

ನೀರು ತರಲು ಮಡಿಕೇರಿ ದಾರಿಯಾಗಿ ಕರಾವಳಿಗೆ ಹೋದೆ. ನಾಲ್ಕು ದಿನ ನಾನಿಲ್ಲದಿದ್ದರೆ, ಸೊಸೆ ಮನೆ ಬಿಟ್ಟು ಹೋದಳೆಂದು ಅತ್ತೆ ಊರೆಲ್ಲ ಸಾರಿಯಾಳೆಂದು ಹೆದರಿ ನನ್ನ ಅವ್ವ ಕಟ್ಟೆಮಳಲವಾಡಿಯಿಂದ ಬಂದು ಮನೆಯಲ್ಲಿದ್ದಳು. ಅತ್ತ ಮೀನಿನ ದೋಣಿಯವರು ಹೆಂಗಸನ್ನು ಹತ್ತಿಸುವುದಿಲ್ಲವೆಂದು ಎರಡು ದಿನ ಸತಾಯಿಸಿದರು. ಮೂರನೆಯ ದಿನ ಹತ್ತಿಸಿಕೊಂಡರು, ನಾನು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡೆ, ಅವರು ನಕ್ಕರು. ದಡದ ಮಣ್ಣುನೀರು ದಾಟಿ, ಹಸಿರು ದಾಟಿ, ನೀಲಿ ಬಂದಾಗ ಬಿಂದಿಗೆಯಷ್ಟು ದೊಡ್ಡ ಎರಡು ಕ್ಯಾನ್ ತುಂಬಿಸಿಕೊಂಡೆ. ವಾಪಸ್ಸು ಬರುವಾಗ ಬಸ್ಸಿನ ಕಂಡಕ್ಟರ್ ಕ್ಯಾನಿನಲ್ಲಿ ಸಾರಾಯಿ ಇದೆಯೆಂದು ಗುಮಾನಿಪಟ್ಟು ಮೂಸಿ ನೋಡಿದ. ಕುಡಿದು ನೋಡು ಎಂದೆ. ಕುಡಿದ. ಮಡಿಕೇರಿ ಬರುವವರೆಗೆ ನನ್ನ ಕಡೆ ತಿರುಗಲಿಲ್ಲ.

ಮನೆ ಮುಟ್ಟುವ ಹೊತ್ತಿಗೆ ಅವ್ವ ಬೆಳಗಿನ ಬಸ್ಸಿಗೆ ಹೊರಟುಹೋಗಿದ್ದಳು. ಕೈಕಾಲು ತೊಳೆದವಳೇ ನೇರ ತಾರಸಿಗೆ ಹೋಗಿ ಆರು ಬಾಟಲಿಗೂ ನೀರು ತುಂಬಿ, ಐದಕ್ಕೆ ಹಾಕಬೇಕಾದ್ದನ್ನು ಹಾಕಿದೆ. ಗೈಡ್ ಕೊಟ್ಟಿದ್ದ ಟ್ಯೂಬಿನಿಂದ ಪ್ರತಿಯೊಂದಕ್ಕೂ ಎರಡೆರಡು ಹನಿ ಡಯಾಟಮ್ ಬಿಟ್ಟೆ, ಹಾಲಿಗೆ ಹೆಪ್ಪು ಹಾಕುವ ಹಾಗೆ. ಬಾಟಲಿಗಳನ್ನು ತಣ್ಣೀರಿನ ತೊಟ್ಟಿಯಲ್ಲಿ ಇಳಿಬಿಟ್ಟು ಮೇಲೆ ಹಳೆಯ ಪಂಚೆ ಕಟ್ಟಿದೆ. ಎರಡನೆಯ ಕ್ಯಾನಿನ ನೀರು ಹಾಗೇ ಮಿಕ್ಕಿತು. ಅದನ್ನು ಮೆಟ್ಟಿಲ ಕೆಳಗಿನ ಕತ್ತಲಲ್ಲಿಟ್ಟೆ.

ವಾರ ಕಳೆಯುವುದರೊಳಗೆ ಬಾಟಲಿಗಳ ನೀರು ಚಿನ್ನದ ಬಣ್ಣಕ್ಕೆ ತಿರುಗಿತು. ಡಯಾಟಮ್ ಬೆಳೆದಾಗ ಬರುವ ಬಣ್ಣವದು. ಮೊದಲು ಖುಷಿಯಾಯಿತು. ಆಮೇಲೆ ನೋಡಿದರೆ ಆರೂ ತಿರುಗಿದ್ದವು. ಏನೂ ಹಾಕದ ಬಾಟಲಿ, ಎಲ್ಲವನ್ನೂ ಹಾಕಿದ ಬಾಟಲಿಗೆ ಸಮನಾಗಿ ಕೊಬ್ಬಿತ್ತು. ಮೂರು ಸಲ ಎಣಿಸಿದೆ. ಸಮುದ್ರವೇ ಸುಳ್ಳು ಹೇಳುತ್ತಿದೆ ಎನ್ನಿಸಿತು. ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಮೈಸೂರಿಗೆ ಹೋದೆ.

ಗೈಡ್ ಆರನ್ನೂ ಕಿಟಕಿಯಲ್ಲಿ ಸಾಲಾಗಿ ಇಟ್ಟು ನೋಡಿದರು. ಆರನೆಯದನ್ನು ಎತ್ತಿ, "ಇದಕ್ಕೆ ಏನೂ ಹಾಕಿಲ್ಲ ಅಂತೀರಿ. ಹಾಗಾದರೆ ಇದು ಚಿಪ್ಪು ಕಟ್ಟಿದ್ದು ಯಾವುದರಿಂದ?" ಎಂದರು. ಅವರು ಬಾಟಲಿಯ ನೀರನ್ನು ಬೇರೆಡೆಗೆ ಬಗ್ಗಿಸಿ, ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದರು. ಒಳಮೈಯಲ್ಲೆಲ್ಲ ಸಣ್ಣ ಸಣ್ಣ ಗೀರುಗಳು, ಸುತ್ತು ಸುತ್ತಾಗಿ. ಗೀರುಗಳ ಸಂದಿಯಲ್ಲಿ ಬೂದು ಬಣ್ಣದ ಕಣಗಳು. ಒಂದು ಕಣವನ್ನು ಮೈಕ್ರೋಸ್ಕೋಪಿನಲ್ಲಿಟ್ಟು ನನ್ನನ್ನು ನೋಡಲು ಕರೆದರು. ಸಾಲು ಸಾಲಾಗಿ ಪುಟ್ಟ ಉಬ್ಬುಗಳು. ಭತ್ತದ ಹೊಟ್ಟಿನ ಮೈ ಹಾಗಿರುತ್ತದೆ, ಸುಟ್ಟರೂ ಆ ಗುರುತು ಹೋಗುವುದಿಲ್ಲ.

"ಇದನ್ನು ಯಾರೋ ಹೊಟ್ಟಿನ ಬೂದಿ ಹಾಕಿ ಉಜ್ಜಿದ್ದಾರೆ" ಎಂದರು ಗೈಡ್. "ಆ ಬೂದಿಯ ತುಂಬ ಇರುವುದೇ ಸಿಲಿಕಾ. ಬಾವಿ ನೀರಿನಲ್ಲಿ ತೊಳೆದಿದ್ದರೆ ಅದರಲ್ಲಿ ನಿಮ್ಮ ಗದ್ದೆಗಳ ಗೊಬ್ಬರ. ನೀವು ಬಾಟಲಿಗೆ ನೀರು ತುಂಬುವ ಮೊದಲೇ ಆರಕ್ಕೂ ಊಟ ಬಡಿಸಿಯಾಗಿದೆ." ನಾನು ಅಳುವ ಹಂತದಲ್ಲಿದ್ದೆ. ಅವರು ಗದರಿದರು. "ನೀರು ಮಿಕ್ಕಿದೆಯಾ? ಇದೆ ತಾನೆ? ಇನ್ನೂ ಮೂರು ವಾರ ಇದೆ. ಈ ಆರು ಹೊಸ ಬಾಟಲಿ ತೆಗೆದುಕೊಳ್ಳಿ, ನಾನೇ ತೊಳೆಸಿಟ್ಟಿದ್ದು. ಹೋಗಿ ಇನ್ನೊಮ್ಮೆ ಮಾಡಿ. ನೀರು ಮಾತ್ರ ಜೋಪಾನ. ಈ ಸಲ ಬೇಗನೇ ಗಾಳಿ ಎದ್ದು ಸಮುದ್ರ ಕಲಕಿದೆಯಂತೆ, ದೋಣಿಗಳೂ ಇಳಿಯುತ್ತಿಲ್ಲ. ಈ ವರ್ಷ ಈ ನೀರು ಮತ್ತೆ ಸಿಗುವುದಿಲ್ಲ."

ಕೆ.ಆರ್. ನಗರದವರೆಗೆ ರೈಲಿನಲ್ಲಿ ಬರುತ್ತಾ ನಾನು ಯೋಚಿಸಿದ್ದು ಹೊಸ ಬಾಟಲಿಗಳ ಬಗ್ಗೆಯಲ್ಲ, ಅತ್ತೆಯ ಬಗ್ಗೆ. ನಮ್ಮ ಮನೆಯಲ್ಲಿ ಸ್ನಾನದ ನೀರು ಕಾಯುತ್ತಿದ್ದದ್ದು ಹೊಟ್ಟಿನ ಒಲೆಯಲ್ಲಿ. ರೈಸ್ ಮಿಲ್ಲಿನಿಂದ ಹೊಟ್ಟು ತರಿಸುವವಳು, ಬೂದಿ ಬಾಚುವವಳು, ಅದನ್ನು ಡಬ್ಬದಲ್ಲಿ ತುಂಬಿಟ್ಟು ಪಾತ್ರೆ ಬೆಳಗುವವಳು ಅತ್ತೆ. ಅಷ್ಟೇ ಅಲ್ಲ, ಪ್ರತಿ ವರ್ಷ ಭತ್ತದ ಒಟ್ಟಲು, ಎಂದರೆ ಸಸಿಮಡಿ, ಹಾಕಿದಾಗ ಪೈರಿನ ಮೇಲೆ ಅದೇ ಬೂದಿಯನ್ನು ಎರಚಿ, ಹೇಗೆ ಎದ್ದಿದೆ ನೋಡು ಎಂದು ಜಂಬ ಕೊಚ್ಚುವವಳೂ ಅವಳೇ. ಬೂದಿ ಹಾಕಿದರೆ ಏನಾಗುತ್ತದೆಂದು ಗೊತ್ತಿದ್ದೇ ಹಾಕಿದ್ದಾಳೆ. ಹೊಟ್ಟೆಕಿಚ್ಚಿನ ಮುದುಕಿ. ನಾನು ಉದ್ಧಾರವಾಗುವುದು ಅವಳಿಗೆ ಬೇಡ. ಸ್ಟೇಷನ್ನು ಬರುವ ಹೊತ್ತಿಗೆ ಅನುಮಾನವೆಂಬುದೇ ಉಳಿದಿರಲಿಲ್ಲ, ನನ್ನ ಮನಸ್ಸಿನಲ್ಲಿ ತೀರ್ಪು ಬರೆದಾಗಿತ್ತು.

ಸಂಜೆ ಐದರ ಬಿಸಿಲು. ಅತ್ತೆ ಹಿತ್ತಲಲ್ಲಿ ತನ್ನ ದಂಟಿನ ಸೊಪ್ಪಿನ ಮಡಿಯ ಪಕ್ಕ ಕೂತು ಕಳೆ ಕೀಳುತ್ತಿದ್ದಳು. ನಾನು ಗೀರು ಬಿದ್ದ ಬಾಟಲಿಯನ್ನು ಅವಳ ಮುಂದೆ ಎಸೆದೆ.

"ಬೂದಿ ಹಾಕಿ ಉಜ್ಜಿದೋರು ನೀವು. ನನ್ನ ಓದು ಹಾಳು ಮಾಡಬೇಕು ಅಂತಲೇ ಮಾಡಿದಿರಿ."

ಅತ್ತೆ ಬಾಟಲಿ ನೋಡಿದಳು, ನನ್ನ ಮುಖ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಕಳೆಯ ಕಡೆ ತಿರುಗಿ, "ಊಂ ಕಣವ್ವ, ನಾನೇ. ಏನೀಗ?" ಎಂದಳು.

ಏನೀಗ! ಒಳಗೆ ನುಗ್ಗಿ, ಮೆಟ್ಟಿಲ ಕೆಳಗಿನಿಂದ ಆ ಕ್ಯಾನನ್ನು ಎಳೆದು ತಂದು, ಮುಚ್ಚಳ ಕಿತ್ತು, ಇಡೀ ಕ್ಯಾನಿನ ನೀರನ್ನು ಅವಳ ಸೊಪ್ಪಿನ ಮಡಿಗೆ ಸುರಿದೆ. "ತಗೊಳ್ಳಿ, ನಿಮ್ಮದೂ ಹಾಳಾಗಲಿ" ಎಂದು ಕೂಗಿದೆ. ಕೊನೆಯ ಹನಿ ಬೀಳುವವರೆಗೂ ಕ್ಯಾನನ್ನು ಬಗ್ಗಿಸಿ ಹಿಡಿದಿದ್ದೆ. ಅತ್ತೆ ಎದ್ದು ನಿಂತಳೇ ಹೊರತು ತಡೆಯಲಿಲ್ಲ. ನನ್ನ ಹೆಗಲ ಚೀಲದಲ್ಲಿ ಗೈಡ್ ಕೊಟ್ಟ ಆರು ಹೊಸ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಎರಡೇ ದಿನದಲ್ಲಿ ಸೊಪ್ಪು ಸುಟ್ಟು ಕರಕಲಾಯಿತು. ಗೈಡಿಗೆ ನೀರು ಮುಗಿಯಿತೆಂದು ಒಂದು ಕಾಗದ ಬರೆದೆ, ಹೇಗೆ ಮುಗಿಯಿತೆಂದು ಬರೆಯಲಿಲ್ಲ. ಮೇ ಕೊನೆಗೆ ಅವರು ನಿವೃತ್ತರಾದರು. ನನ್ನ ನೋಂದಣಿಯೂ ಅಲ್ಲಿಗೆ ಸತ್ತಿತು.

ಅಲ್ಲಿಂದ ಮುಂದೆ ವರ್ಷಗಟ್ಟಲೆ ನಾನೂ ಅತ್ತೆಯೂ ಒಂದೇ ಮನೆಯಲ್ಲಿ ಮಾತಿಲ್ಲದೆ ಬದುಕಿದೆವು. ಅವಳು ತಟ್ಟೆ ಇಟ್ಟು ಹೋಗುತ್ತಿದ್ದಳು, ನಾನು ತಿಂದು ಏಳುತ್ತಿದ್ದೆ. ಏನಾದರೂ ಹೇಳಲೇಬೇಕಾದರೆ ನಡುವೆ ನನ್ನ ಗಂಡನಿದ್ದ. ಕಾಲೇಜಿನಲ್ಲಿ ಯಾರೇ ಪ್ರಬಂಧ ಏನಾಯಿತು ಎಂದು ಕೇಳಿದರೂ ನನ್ನ ಉತ್ತರ ಒಂದೇ, ಅತ್ತೆ ಹಾಳು ಮಾಡಿದಳು. ಕೇಳಿದವರು ಅಯ್ಯೋ ಎನ್ನುತ್ತಿದ್ದರು. ಅತ್ತೆ ಎಂದ ಮೇಲೆ ಯಾರೂ ಸಾಕ್ಷಿ ಕೇಳುವುದಿಲ್ಲ. ನನಗೆ ಅದರಲ್ಲಿ ಒಂದು ಬಗೆಯ ಸುಖವಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ.

ಹೊಸ ಶತಮಾನ ಬಂದು ಕಟ್ಟೆಮಳಲವಾಡಿಯ ತವರುಮನೆಗೂ ಗ್ಯಾಸ್ ಒಲೆ ಬಂತು. ಒಂದು ಭಾನುವಾರ ಹೋಗಿದ್ದೆ. ಅವ್ವ ಹಿತ್ತಲಲ್ಲಿ ಕೂತು ಅಂಗಡಿಯ ಸೋಪಿನ ಪುಡಿ ಹಾಕಿ ತಪ್ಪಲೆ ತಿಕ್ಕುತ್ತಾ ಗೊಣಗುತ್ತಿದ್ದಳು. "ಈ ಪುಡಿ ಎಲ್ಲ ಬರೀ ನೊರೆ ಕಣ್ ಮಗ. ಬ್ಯಾರನ್ ಬೂದಿನೂ ಅಷ್ಟೆ, ಕೈ ಉರೀತದೆ. ಬೂದಿ ಅಂದ್ರೆ ನಿಮ್ಮತ್ತೆ ಮನೇದು. ಅವತ್ತು ನೀನು ಸಮುದ್ರುಕ್ಕೋಗಿದ್ದಾಗ ನಿನ್ನ ಬಾಟ್ಲಿ ಆರೂ ಬೆಳಗಿಕ್ಕಿದ್ನಲ್ಲ, ಎಂಗೆ ಪಳಪಳಾ ಅಂತಿದ್ದೊ! ಒಳಗೆಲ್ಲ ಎಂತದೋ ಗಾಟು ವಾಸ್ನೆ. ಇದುನ್ನ ನಿಮ್ಮತ್ತೆ ನೋಡಿದ್ರೆ, ತೊಳ್ಯಕ್ಕೂ ಬರದ ಸೊಸೆ ಅಂದಾಳು ಅಂತ, ತೆಂಗಿನ ನಾರಾಕಿ ತಿಕ್ಕಿ, ಬಾವಿ ನೀರಲ್ಲಿ ಜಾಲಿಸಿ, ಒರಸಿ, ಇದ್ದಂಗೇ ಪೆಟ್ಗೇಲಿ ಇಕ್ಕಿದ್ದೆ."

ಆ ನಾಲ್ಕು ದಿನ ಅವ್ವ ಆ ಮನೆಯಲ್ಲಿದ್ದಳೆಂದು ನನಗೆ ಗೊತ್ತೇ ಇತ್ತು. ಒಂದು ಕ್ಷಣವೂ ಅವಳ ಮೇಲೆ ಗುಮಾನಿ ಹೋಗಿರಲಿಲ್ಲ. ಓದು ಕೆಟ್ಟಿದ್ದು ಬಾಟಲಿ ಉಜ್ಜಿದ್ದರಿಂದ ಎಂದು ಅವಳಿಗೆ ನಾನು ಯಾವತ್ತೂ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ. ಚೆನ್ನಾಗಿ ಬೆಳಗಿದ್ದೆ ನೀನು ಅವ್ವ, ಎಂದೆ. ಅವಳು ಖುಷಿಯಾಗಿ ತಪ್ಪಲೆ ಮಗುಚಿ ಹಾಕಿದಳು.

ಅವತ್ತೇ ಮಧ್ಯಾಹ್ನದ ಬಸ್ಸು ಹಿಡಿದು ಮನೆಗೆ ಬಂದೆ. ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎದುರು ನಿಂತು, ಅಷ್ಟು ವರ್ಷಗಳ ಮೇಲೆ ಮೊದಲ ಸಲ ನೇರವಾಗಿ ಮಾತಾಡಿದೆ.

"ಬಾಟಲಿ ಉಜ್ಜಿದ್ದು ನಮ್ಮವ್ವ ಅಂತ ನಿಮಗೆ ಗೊತ್ತಿತ್ತಾ?"

ಅವಳು ತಲೆ ಎತ್ತಲಿಲ್ಲ. "ಗೊತ್ತಿಲ್ದೆ ಏನು? ಬ್ಯಾಡ ಕಣ್ರವ್ವ, ಬುಡಿ ಅಂತ ಕೈ ಇಡ್ಕಂಡೆ. ಕೇಳ್ನಿಲ್ಲ."

"ಮತ್ತೆ ನಾನೇ ಅಂತ ಯಾಕೆ ಒಪ್ಪಿಕೊಂಡಿರಿ?"

ಈಗ ತಲೆ ಎತ್ತಿದಳು. ಕಣ್ಣಿನಲ್ಲಿ ಅದೇ ಹಳೆಯ ಕತ್ತಿ. "ಬೀಗ್ತಿ ಕೈಲಿ ತಿಕ್ಕುಸ್ದೋಳು ಅಂತ ಊರಲ್ಲಿ ಅನ್ನುಸ್ಕಳನಾ? ಸೊಸೆ ಓದು ಕೆಡುಸ್ದೋಳು ಅಂದ್ರೆ ನಂಗೇನು ನಷ್ಟ? ಎಲ್ಲಾ ಅತ್ತೇರೂ ಅನ್ನುಸ್ಕಳದೆಯ. ನಿನ್ ಮ್ಯಾಲಿನ ಪ್ರೀತಿಗೆ ಅಂತ ಮಾತ್ರ ಅಂದ್ಕಬ್ಯಾಡ."

ಅವಳು ಹೇಳಿದ್ದು ಸತ್ಯ. ನಮ್ಮ ಕಡೆ ಸೊಸೆಯ ತಾಯಿ ಬಂದರೆ ಉಂಡ ಎಲೆಯನ್ನೂ ಅವಳ ಕೈಲಿ ಎತ್ತಿಸುವುದಿಲ್ಲ. ಬೀಗಿತ್ತಿಯಿಂದ ಚಾಕರಿ ಮಾಡಿಸಿಕೊಂಡ ಮನೆ ಎಂದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಆ ಒಂದು ಮಾತು ಹೊರಗೆ ಬರಬಾರದೆಂದು ಅವಳು ನನ್ನ ದ್ವೇಷವನ್ನು ಅಷ್ಟು ವರ್ಷ ಹೊತ್ತಿದ್ದಳು. ನಾನು ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ಅದಿರ್ಲಿ. ಬಾಟ್ಲಿ ತೊಳುದ್ಲು ನಿಮ್ಮವ್ವ, ಸರಿ. ಒಸ ಬಾಟ್ಲಿ ತಂದಿದ್ದೆ ನೀನು, ಅವತ್ತು ಚೀಲ್ದಲ್ಲಿ ಸದ್ದಾಯ್ತಿತ್ತು. ಆ ಕ್ಯಾನ್ ನೀರು ಇದ್ದಿದ್ರೆ ನಿನ್ ಓದು ಆಯ್ತಿರ್ನಿಲ್ವಾ?"

ಆಗುತ್ತಿತ್ತು. ಮೂರು ವಾರವಿತ್ತು, ಬಾಟಲಿಯಿತ್ತು, ನೀರಿತ್ತು. ಇದು ನನಗೆ ಕ್ಯಾನ್ ಬರಿದಾದ ಗಳಿಗೆಯಲ್ಲೇ ಗೊತ್ತಾಗಿತ್ತು. ಗೊತ್ತಾದ ಕೂಡಲೇ ಅದನ್ನು ಅತ್ತೆಯ ತಲೆಗೆ ಕಟ್ಟಿದ್ದೆ. ಆರು ಬಾಟಲಿಯಿಟ್ಟು ಯಾವ ಕೊರತೆಯೆಂದು ಸಮುದ್ರವನ್ನು ಕೇಳಲು ಹೋದವಳು, ಎದುರಿಗಿದ್ದ ಹೆಂಗಸನ್ನು ನೀವು ಮಾಡಿದಿರಾ ಎಂದು ಒಂದು ಮಾತು ಕೇಳಿರಲಿಲ್ಲ.

ಆಮೇಲೆ ನಾನೂ ಅತ್ತೆಯೂ ಮಾತಾಡಿದೆವು, ಮೊದಲಿನಂತೆಯೇ ಜಗಳವನ್ನೂ ಆಡಿದೆವು. ಅವಳು ಕೊನೆಯವರೆಗೂ ಡಯಾಟಮನ್ನು ಪಾಚಿ ಎಂದೇ ಕರೆದಳು. ಪ್ರಬಂಧ ಏನಾಯಿತೆಂದು ಈಗಲೂ ಅಪರೂಪಕ್ಕೆ ಯಾರಾದರೂ ಕೇಳುತ್ತಾರೆ. ನೀರು ಚೆಲ್ಲಿಹೋಯಿತು, ಎನ್ನುತ್ತೇನೆ. ಯಾರು ಚೆಲ್ಲಿದರು ಎಂದು ಕೇಳಿದರೆ, ನಾನೇ ಎನ್ನುತ್ತೇನೆ.